ನಾಟಿ ಮೂಳೆವೈದ್ಯ

ನಾಟಿ ಮೂಳೆವೈದ್ಯವು ಮುರಿದ ಎಲುಬು, ಜಾರಿದ ಕೀಲು ಹಾಗೂ ಉಳುಕುಗಳನ್ನು ಕೈಯಿಂದಲೇ ಸರಿಪಡಿಸಿ, ಮದ್ದಿನ ಲೇಪ ಹಚ್ಚಿ, ಬಿದಿರಿನ ದಬ್ಬೆಯಿಟ್ಟು ಕಟ್ಟುವ ಪಾರಂಪರಿಕ ಚಿಕಿತ್ಸಾ ಪದ್ಧತಿಯಾಗಿದೆ. ಉತ್ತರ ಕನ್ನಡ ಜಿಲ್ಲೆಯ ಭಟ್ಕಳ, ಹೊನ್ನಾವರ ಮತ್ತು ಕುಮಟಾ ತಾಲೂಕುಗಳಲ್ಲಿ, ನಾಡಿನ ಇತರೆಡೆಗಳಂತೆ, ಇದು ಮನೆತನದ ವಿದ್ಯೆಯಾಗಿ ಉಳಿದಿದೆ. ಅಡಿಕೆ, ತೆಂಗಿನ ಮರಗಳಿಂದ ಬೀಳುವುದು ಈ ಕರಾವಳಿಯಲ್ಲಿ ಹೊಸತೇನಲ್ಲ.

ಪರಂಪರೆ

ಸುಶ್ರುತ ಸಂಹಿತೆಯು ಕೀಲು ಜಾರುವುದರಲ್ಲಿ 6, ಎಲುಬು ಮುರಿಯುವುದರಲ್ಲಿ 12 ಬಗೆಗಳನ್ನು ಹೇಳುತ್ತದೆ. ಕಟ್ಟನ್ನು ಚಳಿಗಾಲದಲ್ಲಿ 7, ಸಮಶೀತೋಷ್ಣದಲ್ಲಿ 5, ಬೇಸಿಗೆಯಲ್ಲಿ 3 ದಿನಗಳಿಗೊಮ್ಮೆ ಬಿಚ್ಚಿ ಕಟ್ಟಬೇಕೆಂಬುದು ಅದರ ವಿಧಿ. ನಾಟಿ ವೈದ್ಯರು ಗ್ರಂಥ ಓದಿ ಕಲಿತವರಲ್ಲ. ಹಿರಿಯರ ಪಕ್ಕದಲ್ಲಿ ಕುಳಿತು ಕೈಯಿಂದ ಕೈಗೆ ಕಲಿತವರು. ಬೆಂಗಳೂರಿನ ಫಲಕಗಳಲ್ಲಿ ಕಾಣುವ ‘ಪುತ್ತೂರು ಕಟ್ಟು’ ಕೂಡ ಮನೆತನದ ವಿದ್ಯೆಯೇ. ಆ ಪುತ್ತೂರು ಇರುವುದು ದಕ್ಷಿಣ ಕನ್ನಡದಲ್ಲಲ್ಲ, ಆಂಧ್ರಪ್ರದೇಶದ ತಿರುಪತಿಯ ಸಮೀಪ. 1895ರಲ್ಲಿ ಅಮೆರಿಕದ ಡೇವನ್‌ಪೋರ್ಟ್‌ನಲ್ಲಿ ಡೇನಿಯಲ್ ಡೇವಿಡ್ ಪಾಮರ್ ಆರಂಭಿಸಿದ ಕೈರೋಪ್ರಾಕ್ಟಿಕ್ ಸಹ ತಂದೆ-ಮಗನ ಕೈಯಲ್ಲಿ ಬೆಳೆದ ವಿದ್ಯೆಯೇ. ಆದರೆ ಅದರ ಗಮನ ಮುಖ್ಯವಾಗಿ ಬೆನ್ನುಮೂಳೆಯ ಕೀಲುಗಳ ಮೇಲೆ. ಮುರಿದ ಎಲುಬನ್ನು ಕಟ್ಟುವುದು ಅದರ ಕೆಲಸವಲ್ಲ.

ಚಿಕಿತ್ಸೆ

ವೈದ್ಯರು ಮೊದಲು ಪೆಟ್ಟು ಬಿದ್ದ ಬಗೆಯನ್ನು ವಿಚಾರಿಸಿ, ನೊಂದ ಅಂಗವನ್ನು ಸರಿಯಿರುವ ಇನ್ನೊಂದರೊಡನೆ ಹೋಲಿಸಿ ಮುಟ್ಟಿ ನೋಡುತ್ತಾರೆ. ಅವಸರವಿಲ್ಲದ ಈ ಮಾತುಕತೆ, ಪಥ್ಯದ ಸೂಚನೆ, ಮನೆಯವರೆಲ್ಲರ ಪರಿಚಯ ಇವೇ ರೋಗಿಯನ್ನು ಮತ್ತೆ ಅಲ್ಲಿಗೆ ಕರೆತರುತ್ತವೆ. ಮಂಗರವಳ್ಳಿ, ಉದ್ದಿನ ಹಿಟ್ಟು, ಮೊಟ್ಟೆಯ ಬಿಳಿ ಲೇಪಕ್ಕೆ ಬಳಕೆಯಾಗುವ ವಸ್ತುಗಳು. ಮದ್ದಿನ ಗುಟ್ಟು ಹೇಳಿದರೆ ಅದರ ಗುಣ ಕೆಡುತ್ತದೆ ಎಂಬ ನಂಬಿಕೆಯಿಂದಾಗಿ ಎಷ್ಟೋ ಮನೆತನಗಳ ತಿಳಿವಳಿಕೆ ದಾಖಲಾಗಿಲ್ಲ. ಈಚೆಗೆ ಎಕ್ಸ್‌ರೇ ನೋಡಿಯೇ ಕಟ್ಟುವ ವೈದ್ಯರೂ ಇದ್ದಾರೆ; ಇದು ಒಳ್ಳೆಯ ರೂಢಿ.

ಅಪಾಯ

ಪೆಟ್ಟು ಬಿದ್ದ ಅಂಗವು ಕಟ್ಟಿನ ಒಳಗೇ ಬಾತುಕೊಂಡಾಗ ರಕ್ತಸಂಚಾರ ನಿಂತು, ಕೆಲವೇ ಗಂಟೆಗಳಲ್ಲಿ ಸ್ನಾಯು ಸಾಯತೊಡಗುತ್ತದೆ. ಬಿಗಿಕಟ್ಟಿನಿಂದ ಕೈ ಸೆಟೆದು ಮುದುಡುವುದನ್ನು ಜರ್ಮನಿಯ ರಿಚರ್ಡ್ ಫೋಲ್ಕ್‌ಮನ್ 1881ರಲ್ಲಿ ವಿವರಿಸಿದರು. ಮೊಣಕೈಯ ಬಳಿ ಎಲುಬು ಮುರಿದ ಮಕ್ಕಳಲ್ಲಿ ಈ ಭಯ ಹೆಚ್ಚು. ಬೆರಳು ತಣ್ಣಗಾಗುವುದು, ಬಿಳಿಚುವುದು, ಮರಗಟ್ಟುವುದು, ಬೆರಳನ್ನು ನೀಡಿಸಿದರೆ ತಡೆಯಲಾಗದ ನೋವಾಗುವುದು ಇದರ ಲಕ್ಷಣಗಳು. ಇವು ಕಂಡರೆ ಕಟ್ಟನ್ನು ಕೂಡಲೇ ಸಡಿಲಿಸಿ ಆಸ್ಪತ್ರೆಗೆ ಒಯ್ಯಬೇಕು. ಚರ್ಮ ಹರಿದು ಎಲುಬು ಹೊರಬಂದಿದ್ದರೆ ಅಥವಾ ಬೆನ್ನುಮೂಳೆಗೆ ಪೆಟ್ಟಾಗಿದ್ದರೆ ನಾಟಿ ಕಟ್ಟಿಗೆ ಹೋಗಲೇಬಾರದು.

ಇಂದಿನ ಸ್ಥಿತಿ

ಖಾಸಗಿ ಚಿಕಿತ್ಸಾಲಯಗಳ ನೋಂದಣಿಗೆ ಕರ್ನಾಟಕದಲ್ಲಿ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮವಿದೆ. ಪಾರಂಪರಿಕ ವೈದ್ಯರ ಅನುಭವವನ್ನು ಪರೀಕ್ಷಿಸಿ ಪ್ರಮಾಣಪತ್ರ ನೀಡುವ ಸ್ವಯಂಪ್ರೇರಿತ ಯೋಜನೆಯೊಂದನ್ನು ಭಾರತೀಯ ಗುಣಮಟ್ಟ ಮಂಡಳಿ ರೂಪಿಸಿದ್ದು, ಮೂಳೆವೈದ್ಯ ಅದರ ಒಂದು ವಿಭಾಗ.

ಗಂಭೀರ ಗಾಯಾಳುಗಳನ್ನು ಈ ತಾಲೂಕುಗಳಿಂದ ಮಣಿಪಾಲ, ಮಂಗಳೂರು ಅಥವಾ ಹುಬ್ಬಳ್ಳಿಗೆ ಸಾಗಿಸುವುದು ವಾಡಿಕೆ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್‌ಗೇಟ್ ಬಳಿ ಉರುಳಿಬಿದ್ದು ಸಾವುನೋವು ಸಂಭವಿಸಿದ ಬಳಿಕ, ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂಬ ಬೇಡಿಕೆ ಬಲಗೊಂಡಿತು.