ಗಾಣಗಾಪುರ, ಬಳ್ಳಾರಿ ಮತ್ತು ನಮ್ಮ ಪಂಚಾಯ್ತಿ

ನಮ್ಮ ಆಳಂದ, ಅಫಜಲಪುರ, ಜೇವರ್ಗಿ ಕಡೆ ಯಾರಾದರೂ ರಾತ್ರಿಯೆಲ್ಲ ನಿದ್ದೆ ಮಾಡದೆ ಒಬ್ಬರೇ ಮಾತಾಡತೊಡಗಿದರೆ ಹಿರಿಯರು ಮೊದಲು ಹೇಳುವ ಮಾತು: "ಗಾಳಿ ಸೋಕ್ಯಾದ, ಗಾಣಗಾಪುರಕ್ಕ ಕರಕೊಂಡು ಹೋಗ್ರಿ." ಅಫಜಲಪುರ ತಾಲೂಕಿನ ಗಾಣಗಾಪುರಕ್ಕೆ ಹೋದವರಿಗೆಲ್ಲ ಗೊತ್ತು, ದತ್ತಾತ್ರೇಯನ ಮಹಾಮಂಗಳಾರತಿ ಹೊತ್ತಿಗೆ ಮೈಮೇಲೆ ಬಂದವರ ಕೂಗಾಟ ಹೇಗಿರುತ್ತದೆ ಅಂತ.

ಇದನ್ನು ಬರೀ ಮೂಢನಂಬಿಕೆ ಅಂತ ತಳ್ಳಿಹಾಕುವುದು ಸುಲಭ. ಆದರೆ ಇತಿಹಾಸ ನೋಡಿ. 1948ರ ತನಕ ನಾವು ನಿಜಾಮನ ಆಳ್ವಿಕೆಯಲ್ಲಿದ್ದೆವು. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದಾಗ ಸರ್ಕಾರಿ ಮಾನಸಿಕ ಆಸ್ಪತ್ರೆ ಇದ್ದದ್ದು ದೂರದ ಬೆಂಗಳೂರು, ಧಾರವಾಡಗಳಲ್ಲಿ. ಕೂಲಿ ಬಿಟ್ಟು ಅಷ್ಟು ದೂರ ಯಾರು ಹೋಗ್ತಾರೆ? ಗಾಣಗಾಪುರ ಹತ್ತಿರ. ಅಲ್ಲಿ ಮಧುಕರಿ, ಅಂದರೆ ಮನೆಮನೆಯಲ್ಲಿ ಭಿಕ್ಷೆ ಬೇಡಿ ಉಣ್ಣುವುದೇ ಸೇವೆ. ಹಾಗಾಗಿ ಬಡವರೂ ವಾರಗಟ್ಟಲೆ ಉಳಿಯಬಹುದು, ಯಾರೂ ಹುಚ್ಚ ಅಂತ ಓಡಿಸುವುದಿಲ್ಲ. ಸರ್ಕಾರ ಕೊಡದೇ ಇದ್ದದ್ದನ್ನು ಆ ಊರು ಕೊಟ್ಟಿತು, ಔಷಧಿ ಒಂದನ್ನು ಬಿಟ್ಟು.

ಔಷಧಿಯೂ ಇಲ್ಲದೆ, ಕೇಳುವವರೂ ಇಲ್ಲದೆ ಹೋದರೆ ಏನಾಗುತ್ತದೆ ಅನ್ನುವುದನ್ನು ತಮಿಳುನಾಡಿನ ಏರವಾಡಿ ತೋರಿಸಿತು. ದರ್ಗಾದ ನಂಬಿಕೆಯಿಂದ ಬಂದವರನ್ನು ಅಲ್ಲಿನ ಖಾಸಗಿ ಆಶ್ರಯವೊಂದರಲ್ಲಿ ಸರಪಳಿಯಿಂದ ಕಟ್ಟಿಹಾಕಿದ್ದರು. 2001ರ ಆಗಸ್ಟ್ 6ರಂದು ಬೆಂಕಿ ಬಿತ್ತು. ಓಡಲಾಗದೆ 28 ಜನ ಸತ್ತರು.

ಹಾಗಾದರೆ ಊರೂರಿಗೆ ಮಾನಸಿಕ ಆಸ್ಪತ್ರೆ ಕಟ್ಟಬೇಕೇ? ಬೇಕಿಲ್ಲ ಅಂತ ತೋರಿಸಿದ್ದು ನಮ್ಮದೇ ಕಲ್ಯಾಣ ಕರ್ನಾಟಕದ ಬಳ್ಳಾರಿ. ಬೆಂಗಳೂರಿನ ನಿಮ್ಹಾನ್ಸ್‌ನವರು ಮೊದಲು ಸಕಲವಾರದಲ್ಲಿ ಹಳ್ಳಿ ಮಟ್ಟದ ಚಿಕಿತ್ಸೆಯನ್ನು ಪ್ರಯೋಗ ಮಾಡಿ ನೋಡಿದರು. 1985ರಲ್ಲಿ ಅದನ್ನು ಇಡೀ ಬಳ್ಳಾರಿ ಜಿಲ್ಲೆಗೆ ಒಯ್ದರು. 1981ರ ಜನಗಣತಿ ಪ್ರಕಾರ ಅಲ್ಲಿದ್ದದ್ದು ಸುಮಾರು 15 ಲಕ್ಷ ಜನ. ಮಾಡಿದ್ದು ಸರಳ ಕೆಲಸ. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ ತರಬೇತಿ, ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರಿಗೆ ರೋಗಿಯನ್ನು ಗುರುತಿಸುವ ಪಾಠ, ಮೂರ್ಛೆರೋಗಕ್ಕೂ ಮನೋರೋಗಕ್ಕೂ ಅಲ್ಲೇ ಮಾತ್ರೆ. 1987ರಲ್ಲಿ ನಜೀರ್ ಸಾಬರ ಕನಸಿನ ಜಿಲ್ಲಾ ಪರಿಷತ್ತುಗಳು ಬಂದ ಮೇಲೆ ಇಂಥ ಆರೋಗ್ಯ ಕೇಂದ್ರಗಳು ಅವುಗಳ ಕೈಗೇ ಬಂದವು. 1996ರಲ್ಲಿ ಕೇಂದ್ರ ಸರ್ಕಾರ ಬಳ್ಳಾರಿಯನ್ನೇ ಮಾದರಿಯಾಗಿಟ್ಟುಕೊಂಡು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರು ಮಾಡಿತು. 2014ರಲ್ಲಿ ರಾಜ್ಯದ ಮನೋಚೈತನ್ಯ ಯೋಜನೆ ಮಂಗಳವಾರದ ದಿನ ಮನೋವೈದ್ಯರನ್ನು ತಾಲೂಕು ಆಸ್ಪತ್ರೆಗೇ ಕಳಿಸತೊಡಗಿತು.

ಅಂದರೆ ಡಾಕ್ಟರು ಬೆಂಗಳೂರಿನಿಂದ ತಾಲೂಕಿನ ತನಕ ಬಂದಾಯಿತು. ಅಲ್ಲಿಂದ ಹಳ್ಳಿಯ ಮನೆ ಬಾಗಿಲಿಗೆ ಉಳಿದ ಇಪ್ಪತ್ತು-ಮೂವತ್ತು ಕಿಲೋಮೀಟರ್ ಯಾರು ನಡೆಯಬೇಕು? ನನ್ನ ಪ್ರಕಾರ ಗ್ರಾಮ ಪಂಚಾಯ್ತಿ.

ನಮ್ಮದು ತೊಗರಿ ಸೀಮೆ. ಬೆಳೆ ಹೋದಾಗ, 2020ರಂತೆ ಭೀಮೆ ಉಕ್ಕಿದಾಗ, ಸಾಲ ಕುತ್ತಿಗೆಗೆ ಬಂದಾಗ ಮನಸ್ಸು ಕುಸಿಯುತ್ತದೆ. ರೈತ ಆತ್ಮಹತ್ಯೆ ಮಾಡಿಕೊಂಡರೆ ಕುಟುಂಬಕ್ಕೆ ಕೊಡುವ ಪರಿಹಾರವನ್ನು 2015ರಲ್ಲಿ 5 ಲಕ್ಷಕ್ಕೆ ಏರಿಸಿದರು. ಬೇಕಾದದ್ದೇ. ಆದರೆ ಅಧಿಕಾರಿ ಮನೆಗೆ ಬರುವುದು ಸತ್ತ ಮೇಲೆ! ಬದುಕಿದ್ದಾಗ "ಹ್ಯಾಂಗಿದ್ದೀರಿ?" ಅಂತ ಕೇಳಲು ಯಾರೂ ಇಲ್ಲವೇ?

ಇದ್ದಾರೆ. ಆಶಾ ಕಾರ್ಯಕರ್ತೆ ಇದ್ದಾರೆ. ಪಂಚಾಯ್ತಿಗೊಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ ಇದ್ದಾನೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಮಾನಸಿಕ ಕಾಯಿಲೆಯನ್ನೂ ಪಟ್ಟಿಯಲ್ಲಿ ಸೇರಿಸಿದೆ, ಅಂದರೆ ಈ ಜನರೂ ಅವನ ಲೆಕ್ಕಕ್ಕೆ ಬರಬೇಕು. ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ಪೂರ್ತಿ ನಿಷೇಧಿಸಿದೆ. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ-ಮಾನಸ್ ನಂಬರ್ 14416. ಇದನ್ನು ಪಂಚಾಯ್ತಿ ಗೋಡೆಗೆ ಬರೆಸಲು ಒಂದು ಡಬ್ಬಿ ಬಣ್ಣ ಸಾಕು.

ಗಾಣಗಾಪುರವನ್ನು ಮುಚ್ಚಬೇಕಿಲ್ಲ. ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ ಮುಜಾವರರೇ ಭಕ್ತರನ್ನು ಪಕ್ಕದಲ್ಲೇ ಕೂತ ಡಾಕ್ಟರ ಹತ್ತಿರ ಕಳಿಸುವ 'ದವಾ-ದುವಾ' ವ್ಯವಸ್ಥೆ ಮಾಡಿದರು. ಪ್ರಾರ್ಥನೆಯೂ ಆಯಿತು, ಮಾತ್ರೆಯೂ ಆಯಿತು. ಗಾಣಗಾಪುರದ ಗುಡಿ ಹತ್ತಿರ ಅಂಥದೊಂದು ಕೋಣೆ ತೆರೆಯಲು ಜಿಲ್ಲಾ ಪಂಚಾಯ್ತಿ ಮನಸ್ಸು ಮಾಡಿದರೆ ಎಷ್ಟು ಹೊತ್ತು?

ನಿಮ್ಮ ಊರಿನ ಗ್ರಾಮಸಭೆಯಲ್ಲಿ ರಸ್ತೆ, ಚರಂಡಿ, ನೀರಿನ ಜೊತೆ ಈ ಮಾತು ಯಾವತ್ತಾದರೂ ಬಂದಿದೆಯೇ? ಬಂದಿದ್ದರೆ ಖಂಡಿತ ತಿಳಿಸಿ. ಇಲ್ಲದಿದ್ದರೆ ಮುಂದಿನ ಸಭೆಯಲ್ಲಿ ನೀವೇ ಎತ್ತಿ.