ಔಷಧಿ ಹೊಡೆಯುವವರ ಮೈ: ಗುಂಡ್ಲುಪೇಟೆ ಸೀಮೆಯ ಕೀಟನಾಶಕ ಚರಿತ್ರೆ

ಪಶ್ಚಿಮ ಘಟ್ಟದ ಮಳೆನೆರಳಿಗೆ ಸಿಕ್ಕ ಗುಂಡ್ಲುಪೇಟೆ, ಚಾಮರಾಜನಗರಗಳ ಹೊಲಗಳು ಬಹುಕಾಲ ರಾಗಿ, ಜೋಳ, ಹುರುಳಿಗಳನ್ನೇ ನೆಚ್ಚಿದ್ದವು. ಈ ಬೆಳೆಗಳಿಗೆ ರಾಸಾಯನಿಕದ ಹಂಗು ಅಷ್ಟಾಗಿ ಇರಲಿಲ್ಲ. ಕೊಳವೆಬಾವಿಗಳು ಹೆಚ್ಚಿದಂತೆ ಟೊಮೆಟೊ, ಎಲೆಕೋಸು, ಬಾಳೆಗಳೂ, ಬಣ್ಣ ತೆಗೆಯುವ ಕಾರ್ಖಾನೆಗಳಿಗೆ ಒಪ್ಪಂದದ ಮೇಲೆ ಬೆಳೆಯುವ ಚೆಂಡುಹೂವೂ, ವಯನಾಡಿನ ಬೆಳೆಗಾರರು ಗುತ್ತಿಗೆ ಹಿಡಿದ ಜಮೀನಿನ ಶುಂಠಿಯೂ ಹರಡಿದವು. ಗಡಿಯಾಚೆಯ ಕೇರಳ, ತಮಿಳುನಾಡುಗಳ ಮಾರುಕಟ್ಟೆಗೆ ಹುಳುಕಿಲ್ಲದ ತರಕಾರಿ ಬೇಕಾದುದರಿಂದ ಔಷಧಿ ಹೊಡೆಯುವುದು ಕೂಲಿಯ ಒಂದು ಬಗೆಯಾಗಿಯೇ ನೆಲೆಗೊಂಡಿತು.

ಆರ್ಗನೋಫಾಸ್ಫೇಟ್ ಎಂಬ ರಂಜಕಯುಕ್ತ ಕೀಟನಾಶಕಗಳ ವರ್ಗವು 1930ರ ದಶಕದ ಜರ್ಮನಿಯ ಸಂಶೋಧನೆಗಳಿಂದ ಬೆಳೆದುಬಂದುದು. ನರದಿಂದ ಸ್ನಾಯುವಿಗೆ ಸಂದೇಶ ದಾಟಿಸುವ ಅಸಿಟೈಲ್‌ಕೋಲಿನ್ ಎಂಬ ವಸ್ತುವನ್ನು, ಕೆಲಸ ಮುಗಿದೊಡನೆ ಒಡೆದುಹಾಕುವ ಕೋಲಿನೆಸ್ಟರೇಸ್ ಎಂಬ ಕಿಣ್ವವನ್ನು ಇವು ಕಟ್ಟಿಹಾಕುತ್ತವೆ. ಸಂದೇಶ ನಿಲ್ಲದೆ ಹರಿಯುವುದರಿಂದ ಬೆವರು, ಜೊಲ್ಲು ಸುರಿದು, ಕಣ್ಣಪಾಪೆ ಕಿರಿದಾಗಿ, ಸ್ನಾಯು ಅದುರಿ, ಕೊನೆಗೆ ಉಸಿರಾಟವೇ ಸೋಲುತ್ತದೆ. ಹುಳುವಿಗೂ ಮನುಷ್ಯನಿಗೂ ಈ ವ್ಯವಸ್ಥೆ ಬಹುಮಟ್ಟಿಗೆ ಒಂದೇ ಎಂಬುದೇ ತೊಡಕಿನ ಮೂಲ. 2018ರ ಡಿಸೆಂಬರ್‌ನಲ್ಲಿ ಇದೇ ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯ ಮಾರಮ್ಮನ ಗುಡಿಯಲ್ಲಿ ಪ್ರಸಾದಕ್ಕೆ ಬೆರೆಸಿದ್ದ, ಇದೇ ವರ್ಗದ ಮೊನೊಕ್ರೋಟೊಫಾಸ್ 17 ಮಂದಿಯನ್ನು ಬಲಿ ತೆಗೆದುಕೊಂಡಾಗ ಈ ವಿಷದ ಹೆಸರು ನಾಡಿಗೆಲ್ಲ ಪರಿಚಯವಾಯಿತು. ತರಕಾರಿಗೆ ಅದನ್ನು ಬಳಸಬಾರದೆಂಬ ಆದೇಶ 2005ರಷ್ಟು ಹಿಂದೆಯೇ ಹೊರಟಿತ್ತು.

ಹೊಲದಲ್ಲಿ ವಿಷ ಒಳಸೇರುವ ಮುಖ್ಯ ದಾರಿ ಬಾಯಲ್ಲ, ಚರ್ಮ. ಡ್ರಮ್ಮಿನಲ್ಲಿ ಕೋಲಾಡಿಸಿ ಕದಡುವಾಗ ಸಿಡಿಯುವ ಹನಿ, ಬೆನ್ನಿಗೇರಿಸಿದ 16 ಲೀಟರಿನ ಪಂಪಿನ ಮುಚ್ಚಳದಿಂದ ಜಿನುಗಿ ಅಂಗಿಯನ್ನು ನೆನೆಸುವ ದ್ರಾವಣ, ಆಗತಾನೆ ತೊಯ್ದ ಸಾಲಿನ ನಡುವೆಯೇ ಬರಿಗಾಲಲ್ಲಿ ಮುಂದೆ ಹೆಜ್ಜೆಯಿಡಬೇಕಾದ ರೀತಿ, ಇವುಗಳ ಮುಂದೆ ಮುಖಕ್ಕೆ ಸುತ್ತಿದ ಟವೆಲ್ಲು ಏನನ್ನೂ ತಡೆಯಲಾರದು. ಮೈ ಮುಚ್ಚುವ ದಪ್ಪ ಉಡುಪು ಬೇಸಿಗೆಯಲ್ಲಿ ತಡೆಯಲಾಗದಷ್ಟು ಸೆಕೆ ತರುತ್ತದೆ. ಸಣ್ಣ ಪ್ರಮಾಣದ ವಿಷ ದಿನದಿನವೂ ಕಿಣ್ವವನ್ನು ಕುಗ್ಗಿಸುತ್ತ ಬರುವಾಗ ತಲೆನೋವು, ಮಬ್ಬುಗಣ್ಣು, ಸುಸ್ತು ಕಾಣಿಸಿಕೊಂಡರೂ ಅದನ್ನು ಬಿಸಿಲಿನ ಖಾತೆಗೆ ಬರೆದುಬಿಡುವುದು ಸುಲಭ.

ಭಾರತದ ಕಾನೂನು ಹುಟ್ಟಿದ್ದು ಹೊಡೆಯುವವರಿಗಾಗಿ ಅಲ್ಲ, ಉಂಡವರಿಗಾಗಿ. 1958ರಲ್ಲಿ ಪ್ಯಾರಾಥಿಯಾನ್ ಸೋರಿ ಕೆಟ್ಟ ಗೋಧಿ ಹಿಟ್ಟು ಕೇರಳದಲ್ಲಿ ನೂರಕ್ಕೂ ಹೆಚ್ಚು ಜನರನ್ನು ಕೊಂದ ಮೇಲೆ ವಿಚಾರಣಾ ಆಯೋಗ ನೇಮಕವಾಗಿ, ಹತ್ತು ವರ್ಷ ಕಳೆದು 1968ರ ಕೀಟನಾಶಕ ಕಾಯಿದೆ ಬಂದಿತು. 1971ರ ನಿಯಮಗಳು ಸಿಂಪಡಿಸುವವರನ್ನು ಕೆಲಸಕ್ಕೆ ಹಚ್ಚುವ ಮೊದಲು ವೈದ್ಯರು ಪರೀಕ್ಷಿಸಬೇಕೆಂದೂ, ರಕ್ಷಣಾ ಉಡುಪು, ಪ್ರತಿವಿಷಗಳು ಕೈಗೆ ಸಿಗುವಂತಿರಬೇಕೆಂದೂ ಹೇಳಿದವು. ಕಾಗದದ ಮೇಲೆ ಇದು ಉದಾರವಾದುದೇ ಸರಿ. ಆದರೆ ಅದೇ ಕಾಯಿದೆಯ 38ನೆಯ ಕಲಮು, ತಾನು ಸಾಗುವಳಿ ಮಾಡುವ ಜಮೀನಿನಲ್ಲಿ ಯಾರೇ ಕೀಟನಾಶಕ ಬಳಸಿದರೂ ಕಾಯಿದೆ ಅನ್ವಯಿಸದೆಂದು ವಿನಾಯಿತಿ ಕೊಟ್ಟಿತು. ಸಣ್ಣ ರೈತನನ್ನು ಕಾಗದಪತ್ರದ ಕಾಟದಿಂದ ಉಳಿಸಲು ಹೊರಟಂತಿದ್ದ ಈ ಮಾತು ನೂರಾರು ಎಕರೆ ಗುತ್ತಿಗೆ ಹಿಡಿದ ಶುಂಠಿ ಬೆಳೆಗಾರನಿಗೂ ನೆರಳಾಗಬಲ್ಲದು, ಏಕೆಂದರೆ ಅದು ಕೇಳುವುದು ಜಮೀನು ಯಾರ ಸಾಗುವಳಿಯಲ್ಲಿದೆ ಎಂಬುದನ್ನೇ ಹೊರತು ಪಂಪು ಯಾರ ಬೆನ್ನಮೇಲಿದೆ ಎಂಬುದನ್ನಲ್ಲ.