ಸೊಂಟದ ಪಿಸ್ತೂಲು: ಆಯ್ಕೆಗೆ ಮುನ್ನ ಅರಿಯಬೇಕಾದ ಸಂಗತಿಗಳು

ಮಂಗಳೂರು: ಆತ್ಮರಕ್ಷಣೆಗಾಗಿ ಸಣ್ಣ ಪಿಸ್ತೂಲೊಂದನ್ನು ಸದಾ ಜತೆಯಲ್ಲಿ ಇರಿಸಿಕೊಳ್ಳಬೇಕೆಂದು ಬಯಸುವವರು ನಗರದಲ್ಲಿ ಇಲ್ಲದಿಲ್ಲ. ದಕ್ಷಿಣ ಕನ್ನಡದ ಕೃಷಿಕರಿಗೆ ಬೆಳೆ ರಕ್ಷಣೆಯ ಕೋವಿ ಹೊಸತಲ್ಲ. ಆದರೆ ಅಂಗಿಯ ಮರೆಯಲ್ಲಿ ಒಯ್ಯುವ ಆಯುಧದ ವಿಚಾರವೇ ಬೇರೆ. ಯಾವುದನ್ನು ಕೊಳ್ಳಬೇಕೆಂಬುದು ಇಲ್ಲಿ ಕೊನೆಯ ಪ್ರಶ್ನೆ.

ಪರವಾನಗಿ ಯಾರಿಗೆ?

1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಪರವಾನಗಿಯಿಲ್ಲದೆ ಬಂದೂಕು ಹೊಂದುವಂತಿಲ್ಲ. ಅರ್ಜಿದಾರರಿಗೆ 21 ವರ್ಷ ತುಂಬಿರಬೇಕು. ಮಂಗಳೂರಿನಲ್ಲಿ ಪೊಲೀಸ್ ಕಮಿಷನರೇಟ್ 2010ರಲ್ಲಿ ಅಸ್ತಿತ್ವಕ್ಕೆ ಬಂದಿದ್ದು, ಅದರ ವ್ಯಾಪ್ತಿಯವರು ಪೊಲೀಸ್ ಆಯುಕ್ತರಿಗೂ, ಪುತ್ತೂರು, ಸುಳ್ಯ ಮೊದಲಾದ ಕಡೆಯವರು ಜಿಲ್ಲಾಧಿಕಾರಿಗೂ ಅರ್ಜಿ ಸಲ್ಲಿಸಬೇಕು. ಠಾಣೆಯ ವರದಿ ಬಂದ ಬಳಿಕವೇ ತೀರ್ಮಾನ. ವೃತ್ತಿ ಅಥವಾ ವ್ಯವಹಾರದ ಕಾರಣ ಜೀವಕ್ಕೋ ಆಸ್ತಿಗೋ ನಿಜವಾದ ಅಪಾಯವಿದೆಯೆಂಬುದನ್ನು ಮನಗಾಣಿಸಬೇಕಾಗುತ್ತದೆ. 2016ರ ನಿಯಮಗಳು ಸುರಕ್ಷತಾ ತರಬೇತಿಯನ್ನೂ ವಿಧಿಸಿವೆ. ಅರ್ಜಿ ತಿರಸ್ಕೃತವಾದರೆ ಮೇಲ್ಮನವಿಗೆ ಅವಕಾಶವಿದೆ.

2019ರ ತಿದ್ದುಪಡಿಯ ನಂತರ ಒಬ್ಬರು ಹೊಂದಬಹುದಾದ ಬಂದೂಕುಗಳ ಸಂಖ್ಯೆ 3ರಿಂದ 2ಕ್ಕೆ ಇಳಿದಿದ್ದು, ಪರವಾನಗಿಯ ಅವಧಿ 3ರಿಂದ 5 ವರ್ಷಕ್ಕೆ ಏರಿದೆ.

ಆಯ್ಕೆ ಎಷ್ಟು?

9 ಮಿ.ಮೀ. ಪಿಸ್ತೂಲು ನಿಷೇಧಿತ ವರ್ಗಕ್ಕೆ ಸೇರಿದ್ದು, ಜನಸಾಮಾನ್ಯರಿಗೆ ದೊರೆಯುವುದಿಲ್ಲ. ಉಳಿಯುವುದು ಮುಖ್ಯವಾಗಿ 0.32 ಇಂಚಿನ ಆಯುಧಗಳು. ಕಾನ್ಪುರದ ಆಯುಧ ಕಾರ್ಖಾನೆಯಿಂದ 2014ರಲ್ಲಿ ಹೊರಬಂದ ‘ನಿರ್ಭೀಕ್’ ರಿವಾಲ್ವರ್ ಸುಮಾರು 500 ಗ್ರಾಂ ತೂಗುತ್ತದೆ. 2023ರಲ್ಲಿ ಬಂದ ‘ಪ್ರಬಲ್’ ಸುಮಾರು 700 ಗ್ರಾಂ. ಪಿಸ್ತೂಲು ಬಯಸುವವರಿಗೆ ‘ಅಶನಿ’ ಇದೆ.

ರಿವಾಲ್ವರ್‌ನ ರಚನೆ ಸರಳ. ಒಂದು ತೋಟಾ ಸಿಡಿಯದಿದ್ದರೆ ಮತ್ತೊಮ್ಮೆ ಕುದುರೆ ಎಳೆದರೆ ಮುಂದಿನದು ಸಿದ್ಧ. ಆದರೆ ಗುಂಡುಗಳ ಉರುಳೆಯಿಂದಾಗಿ ಅದು ದಪ್ಪ. ಪಿಸ್ತೂಲು ಚಪ್ಪಟೆಯಾಗಿದ್ದು ಉಡುಪಿನೊಳಗೆ ಸುಲಭವಾಗಿ ಅಡಗುತ್ತದೆ. ಆದರೆ ಮ್ಯಾಗಜಿನ್ ತೆಗೆದ ಮೇಲೂ ನಳಿಗೆಯಲ್ಲಿ ಒಂದು ಗುಂಡು ಉಳಿದಿರಬಹುದು. ಅನೇಕ ಅವಘಡಗಳಿಗೆ ಮೂಲ ಇದೇ. ಹಗುರವಾದ ಆಯುಧ ಹೊರಲು ಸುಲಭವಾದರೂ ಹಾರಿಸುವಾಗ ಕೈಗೆ ಹೆಚ್ಚು ಒದೆಯುತ್ತದೆ. ಎರಡಕ್ಕೂ 0.32 ಎಂಬ ಹೆಸರಿದ್ದರೂ ರಿವಾಲ್ವರ್‌ನ ತೋಟಾ ಬೇರೆ, ಪಿಸ್ತೂಲಿನದು ಬೇರೆ.

ಕರಾವಳಿಯ ಉಪ್ಪುಗಾಳಿ, ಮಳೆಗಾಲದ ತೇವ ಹಾಗೂ ಮೈಬೆವರು ಉಕ್ಕಿನ ಶತ್ರುಗಳು. ತೊಗಲಿನ ಚೀಲ ತೇವ ಹೀರುವುದರಿಂದ ಆಯುಧವನ್ನು ಅದರಲ್ಲೇ ಬಿಟ್ಟಿಡಬಾರದು. ಆಗಾಗ ಒರೆಸಿ ಎಣ್ಣೆ ಹಚ್ಚುವುದು ಅನಿವಾರ್ಯ.

ಒಯ್ಯುವ ನಿಯಮ

ಸಾರ್ವಜನಿಕ ಸ್ಥಳದಲ್ಲಿ ಕೈಬಂದೂಕನ್ನು ಸೊಂಟದ ಚೀಲದಲ್ಲಿಯೋ ಅಂಥದೇ ಕವಚದಲ್ಲಿಯೋ ಪೂರ್ಣ ಮುಚ್ಚಿ, ತಮ್ಮ ಹಿಡಿತದಲ್ಲೇ ಇರಿಸಿಕೊಳ್ಳಬೇಕು. ಪ್ರದರ್ಶಿಸುವಂತಿಲ್ಲ. ಸಂಭ್ರಮಕ್ಕಾಗಿ ಗುಂಡು ಹಾರಿಸಿ ಪರರ ಜೀವಕ್ಕೆ ಅಪಾಯ ತಂದರೆ 2 ವರ್ಷದವರೆಗೆ ಸೆರೆ, 1 ಲಕ್ಷ ರೂ.ವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಪರವಾನಗಿ ಕರ್ನಾಟಕಕ್ಕಷ್ಟೇ ಸೀಮಿತವಾಗಿದ್ದರೆ ತಲಪಾಡಿ ದಾಟಿ ಕಾಸರಗೋಡಿಗೆ ಆಯುಧ ಒಯ್ಯುವುದು ಅಪರಾಧ. ಚುನಾವಣೆ ಘೋಷಣೆಯಾದಾಗ ಆಯುಧವನ್ನು ಠೇವಣಿ ಇಡುವಂತೆ ಆದೇಶ ಬರಬಹುದು.

ಮರೆಯಬಾರದ ಪಾಠ

2021ರಲ್ಲಿ ಇದೇ ನಗರದಲ್ಲಿ ಜಗಳವೊಂದರ ನಡುವೆ ಉದ್ಯಮಿಯೊಬ್ಬರು ಹಾರಿಸಿದ ಗುಂಡು ಅವರ ಮಗನಿಗೇ ತಗುಲಿತು. ಬಾಲಕ ಬದುಕುಳಿಯಲಿಲ್ಲ. ಆತ್ಮರಕ್ಷಣೆಯ ಹಕ್ಕನ್ನು ಕಾನೂನು ಮಾನ್ಯ ಮಾಡುತ್ತದೆ. ಆದರೆ ಅಪಾಯಕ್ಕೆ ಅಗತ್ಯವಾದುದಕ್ಕಿಂತ ಹೆಚ್ಚಿನ ಬಲಪ್ರಯೋಗವನ್ನು ಒಪ್ಪುವುದಿಲ್ಲ. ಕೋಪ ಬಂದ ಕ್ಷಣದಲ್ಲಿ ಕೈಗೆಟಕುವಂತೆ ಇರುವುದೇ ಸದಾ ಸೊಂಟದಲ್ಲಿರುವ ಆಯುಧದ ದೊಡ್ಡ ಅಪಾಯ. ಆದ್ದರಿಂದ ಯಾವ ಪಿಸ್ತೂಲು ಉತ್ತಮವೆಂದು ಕೇಳುವ ಮುನ್ನ, ಅದನ್ನು ಹೊರುವಷ್ಟು ಅಗತ್ಯವೂ ಸಂಯಮವೂ ತಮಗಿದೆಯೇ ಎಂದು ಕೇಳಿಕೊಳ್ಳುವುದು ಒಳಿತು.